ಇಂಗ್ಲಿಷಿನಲ್ಲಿ ಪಳಗಿದ ಕೊರಳು

ತಮ್ಮ ಲಿಂಗತ್ವಕ್ಕೆ ಒಪ್ಪುವ ಧ್ವನಿಯನ್ನು ಸಾಧಿಸಿಕೊಳ್ಳಲು ಟ್ರಾನ್ಸ್ ವ್ಯಕ್ತಿಗಳಿಗೆ ನೆರವಾಗುವ ಚಿಕಿತ್ಸೆಯು ಈಗ ಅಂತರ್ಜಾಲದ ಮೂಲಕ ಪುಣೆಯ ಬಾಡಿಗೆ ಕೋಣೆಗೂ ದೆಹಲಿಯ ಹಾಸ್ಟೆಲಿಗೂ ತಲುಪುತ್ತಿದೆ. ತಲುಪುತ್ತಿರುವುದು ಒಳ್ಳೆಯದೇ. ಆದರೆ ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತಿದೆ. ಕನ್ನಡ ಮನೆಮಾತಿನವರೂ ಅದನ್ನು ಹಾಗೆಯೇ ಸ್ವೀಕರಿಸುತ್ತಿದ್ದಾರೆ. ಇದನ್ನು ಸಣ್ಣ ಅನನುಕೂಲವೆಂದು ತಳ್ಳಿಹಾಕಲಾಗದು. ಇದು ಚಿಕಿತ್ಸೆಯ ದೋಷ.

ಮೊದಲು, ಇದೆಲ್ಲ ಯಾಕೆ ಬೇಕು ಎಂದು ಮೂಗು ಮುರಿಯುವವರಿಗೆ ಒಂದು ಮಾತು; ಅಂಥವರು ನಮ್ಮ ಹೊರನಾಡ ಸಂಘಗಳಲ್ಲಿಯೂ ಇದ್ದಾರೆ. ಸೀರೆ, ಮುಖ, ಗುರುತಿನ ಚೀಟಿ ಇವಾವುವೂ ಫೋನಿನ ಇನ್ನೊಂದು ತುದಿಗೆ ಕಾಣಿಸುವುದಿಲ್ಲ. ಅಲ್ಲಿಗೆ ಹೋಗುವುದು ಧ್ವನಿಯೊಂದೇ. ಖಾತೆಯಲ್ಲಿರುವ ಹೆಸರು ಹೆಣ್ಣಿನದು, ಕೇಳುತ್ತಿರುವ ಧ್ವನಿ ಗಂಡಿನದೆಂದು ತೋರಿದರೆ ಬ್ಯಾಂಕಿನವರು ಮಾತು ನಿಲ್ಲಿಸುತ್ತಾರೆ. ಬಾಡಿಗೆಗೆ ಮನೆ ಕೇಳಿದರೆ ಖಾಲಿಯಿಲ್ಲವೆನ್ನುತ್ತಾರೆ. ಆಟೋದಲ್ಲಿ ಕುಳಿತು ವಿಳಾಸ ಹೇಳಿದೊಡನೆ ಚಾಲಕನ ಕಣ್ಣು ಕನ್ನಡಿಗೆ ಏರುತ್ತದೆ. ಶೋಕಿಗಾಗಿ ಯಾರೂ ತಿಂಗಳುಗಟ್ಟಲೆ ಗಂಟಲು ದಣಿಸಿಕೊಳ್ಳುವುದಿಲ್ಲ. ಹಾರ್ಮೋನು ತೆಗೆದುಕೊಂಡರೆ ಧ್ವನಿ ತಾನೇ ಸರಿಹೋಗುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಟೆಸ್ಟೋಸ್ಟೆರೋನ್ ತೆಗೆದುಕೊಳ್ಳುವ ಟ್ರಾನ್ಸ್ ಪುರುಷರಲ್ಲಿ ಧ್ವನಿತಂತುಗಳು ದಪ್ಪಗಾಗಿ ಕೆಲವು ತಿಂಗಳುಗಳಲ್ಲಿ ಧ್ವನಿ ಇಳಿಯುತ್ತದೆ. ಈಸ್ಟ್ರೋಜನ್‌ಗೆ ಅಂಥ ಶಕ್ತಿಯಿಲ್ಲ. ಹರೆಯದಲ್ಲಿ ಒಮ್ಮೆ ದಪ್ಪಗಾದ ತಂತುಗಳನ್ನು ಅದು ಮರಳಿ ತೆಳುವಾಗಿಸದು. ಆದುದರಿಂದ ಟ್ರಾನ್ಸ್ ಮಹಿಳೆಯರಿಗೆ ಅಭ್ಯಾಸವೇ ಮುಖ್ಯ ದಾರಿ. ಶಸ್ತ್ರಚಿಕಿತ್ಸೆಯೂ ಉಂಟು. ಅದು ಶ್ರುತಿಯನ್ನು ಏರಿಸೀತು, ಮಾತನ್ನು ಕಲಿಸದು.

ಇನ್ನು ಪರದೆಯ ಮುಂದೆ ನಡೆಯುವುದೇನು? ಮೊದಲ ಭೇಟಿಯ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬಹುಮಟ್ಟಿಗೆ ಪ್ರಶ್ನೆಗಳಲ್ಲೇ ಕಳೆಯುತ್ತದೆ. ಯಾವ ಹೆಸರಿನಿಂದ ಕರೆಯಬೇಕು, ದಿನಕ್ಕೆ ಎಷ್ಟು ಹೊತ್ತು ಮಾತನಾಡುತ್ತೀರಿ, ಗಂಟಲು ಕಟ್ಟುತ್ತದೆಯೆ, ಹುಳಿತೇಗು ಉಂಟೆ, ಯಾರ ಮುಂದೆ ಯಾವ ಧ್ವನಿ ಬೇಕು. ಧ್ವನಿ ಬಹುದಿನದಿಂದ ಒಡೆದಿದ್ದರೆ ಒಳ್ಳೆಯ ಚಿಕಿತ್ಸಕರು ಅಭ್ಯಾಸವನ್ನು ಆರಂಭಿಸುವುದಿಲ್ಲ. ಕಿವಿ, ಮೂಗು, ಗಂಟಲು ವೈದ್ಯರಲ್ಲಿ ಧ್ವನಿಪೆಟ್ಟಿಗೆಯನ್ನು ಪರೀಕ್ಷಿಸಿಕೊಂಡು ಬನ್ನಿ ಎನ್ನುತ್ತಾರೆ. ಹಾಗೆನ್ನದವರನ್ನು ಅಲ್ಲಿಗೇ ಬಿಡುವುದು ಮೇಲು. ಆಮೇಲೆ ಧ್ವನಿಮುದ್ರಣ: ಒಂದೇ ಉಸಿರಿನ ‘ಆ’ಕಾರ, ಒಂದು ಗದ್ಯಭಾಗದ ಓದು, ಕೆಲವು ನಿಮಿಷಗಳ ಮಾತುಕತೆ.

ಇಲ್ಲಿ ಯಂತ್ರದ ಒಂದು ಚೇಷ್ಟೆಯಿದೆ. ಜೂಮ್‌ನಂಥ ತಂತ್ರಾಂಶಗಳು ಹಿನ್ನೆಲೆಯ ಗದ್ದಲವನ್ನು ಅಳಿಸುವ ಭರದಲ್ಲಿ, ಬದಲಾಗದೆ ಮುಂದುವರಿಯುವ ನಾದವನ್ನು ಫ್ಯಾನಿನ ಸದ್ದೆಂದು ಬಗೆದು ನುಂಗಿಬಿಡುತ್ತವೆ. ನೀವು ಇತ್ತ ದೀರ್ಘವಾಗಿ ‘ಆ’ ಎನ್ನುತ್ತಿದ್ದರೆ ಅತ್ತ ತುಂಡುತುಂಡಾಗಿ ಕೇಳಿಸುತ್ತದೆ. ಮೂಲ ಧ್ವನಿಯನ್ನು ಇದ್ದಂತೆಯೇ ಕಳಿಸುವ ಆಯ್ಕೆಯನ್ನು ತೆರೆಯಬೇಕು. ಇಲ್ಲವೆ ಫೋನಿನಲ್ಲಿ ಮುದ್ರಿಸಿ ಕಳಿಸಬೇಕು. ಸದ್ದು ತಲುಪುವುದು ತುಸು ತಡವಾಗುವುದರಿಂದ ಇಬ್ಬರೂ ಒಟ್ಟಿಗೆ ಸ್ವರ ಹಿಡಿಯಲಾಗದು, ಒಬ್ಬರಾದ ಮೇಲೆ ಒಬ್ಬರು. ಮುದ್ರಿಸಿದ ಧ್ವನಿ ಎಲ್ಲಿ ಉಳಿಯುತ್ತದೆ, ಯಾರು ಕೇಳುತ್ತಾರೆ ಎಂದು ಮೊದಲ ದಿನವೇ ವಿಚಾರಿಸಿಕೊಳ್ಳುವುದು ಅತಿಯಲ್ಲ. ಇಷ್ಟನ್ನು ನೋಡಿಕೊಂಡರೆ ಪರದೆಯ ಚಿಕಿತ್ಸೆಯು ಎದುರುಬದುರು ಕುಳಿತು ಪಡೆಯುವ ಚಿಕಿತ್ಸೆಗಿಂತ ಕೀಳಾಗಬೇಕಾದ ಕಾರಣವಿಲ್ಲ.

ಅಭ್ಯಾಸದ ತಿರುಳು ಅನುರಣನದಲ್ಲಿದೆ. ಜಾಹೀರಾತುಗಳು ಮಾತ್ರ ಶ್ರುತಿಯನ್ನೇ ಮಾರುತ್ತವೆ. ವಯಸ್ಕ ಗಂಡಸರ ಮಾತಿನ ಶ್ರುತಿ 100ರಿಂದ 130 ಹರ್ಟ್ಸ್‌ನ ಆಸುಪಾಸು, ಹೆಂಗಸರದು 180ರಿಂದ 220ರ ಆಸುಪಾಸು ಎಂಬ ಲೆಕ್ಕವನ್ನು ಹಿಡಿದುಕೊಂಡು, ಮೊಬೈಲಿನ ಆ್ಯಪ್‌ನಲ್ಲಿ ಹಸಿರು ಗೆರೆ ಮುಟ್ಟಿದರೆ ಗೆದ್ದಂತೆ ಎನ್ನುತ್ತವೆ. 200 ಹರ್ಟ್ಸ್‌ಗೆ ಏರಿಸಿದ ಧ್ವನಿಯ ಹಿಂದೆ ಗಂಟಲು ಹಿಗ್ಗಿಕೊಂಡೇ ಇದ್ದರೆ ಅದು ಅಣಕದ ಕೀರಲಾಗಿ ಕೇಳುತ್ತದೆ. 165ರಲ್ಲಿ ನಿಂತ ಧ್ವನಿಯೂ, ಬಾಯಿ ಮತ್ತು ಗಂಟಲಿನ ಪೊಳ್ಳು ಸರಿಯಾಗಿ ಕಿರಿದಾದರೆ, ಹೆಣ್ಣಿನದಾಗಿ ಕೇಳಬಲ್ಲದು. ನಾಲಿಗೆ ಎಲ್ಲಿರಬೇಕು, ಧ್ವನಿಪೆಟ್ಟಿಗೆ ಎಷ್ಟು ಏರಬೇಕು ಎಂಬುದನ್ನು ಕಲಿಸುವುದೇ ಚಿಕಿತ್ಸಕರ ನಿಜವಾದ ಕೆಲಸ. ವಾರಕ್ಕೊಂದು ಭೇಟಿ, ದಿನವೂ ಹತ್ತು ಹದಿನೈದು ನಿಮಿಷಗಳಂತೆ ಎರಡು ಮೂರು ಬಾರಿ ಸಾಧನೆ, ಹೀಗೆ ಹಲವು ತಿಂಗಳು. ಆರಂಭದ ಪಾಠಗಳು ನೆರೆಮನೆಗೆ ಕೇಳಿಸುವಂಥವಲ್ಲ: ಬಾಯಿ ಮುಚ್ಚಿ ಗುನುಗುವುದು, ತುಟಿಗಳನ್ನು ಬುರ್ರೆನಿಸುವುದು, ನೀರಿನ ಲೋಟದೊಳಗೆ ಸ್ಟ್ರಾದಿಂದ ಊದುತ್ತ ಸ್ವರ ಹೊರಡಿಸುವುದು. ನೋವಾದರೆ ನಿಲ್ಲಿಸಬೇಕು. ನೋವು ಪ್ರಗತಿಯ ಗುರುತಲ್ಲ.

ಇದೆಲ್ಲ ಸರಿ. ಆದರೆ ಓದಲು ಕೊಡುವ ಆ ಗದ್ಯಭಾಗ ಯಾವುದು? ಕಾಮನಬಿಲ್ಲನ್ನು ಕುರಿತ, ಇಂಗ್ಲಿಷ್ ಚಿಕಿತ್ಸಾಲಯಗಳಲ್ಲಿ ದಶಕಗಳಿಂದ ಸವೆದ ಅದೇ ಪರಿಚ್ಛೇದ. ಪದಪಟ್ಟಿ ಇಂಗ್ಲಿಷಿನದು, ಸಂಭಾಷಣೆಯ ಪಾಠ ಕಾಫಿ ಅಂಗಡಿಯಲ್ಲಿ ಆರ್ಡರ್ ಹೇಳುವುದು. ಫಲ ಊಹಿಸಬಹುದಾದುದೇ. ಕಚೇರಿಯ ಮೀಟಿಂಗಿನಲ್ಲಿ ಹೊಸ ಧ್ವನಿ ನಿಲ್ಲುತ್ತದೆ. ರಾತ್ರಿ ಊರಿಗೆ ಫೋನ್ ಹಚ್ಚಿ ‘ಯವ್ವಾ, ಊಟ ಆತೇನು?’ ಎಂದಾಗ ಹಳೆಯ ಧ್ವನಿ ತಾನಾಗಿ ಎದ್ದು ಬರುತ್ತದೆ. ಧ್ವನಿ ಎಂದರೆ ಸ್ನಾಯುಗಳ ರೂಢಿ, ಆ ರೂಢಿ ಅಂಟಿಕೊಂಡಿರುವುದು ಪದಗಳಿಗೆ. ಮೊದಲು ಕಲಿತ ಪದಗಳಿಗೆ ಅದು ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿರುತ್ತದೆ. ಆ ಪದಗಳನ್ನು ಮುಟ್ಟದ ಚಿಕಿತ್ಸೆಯು ಮಗಳನ್ನು ಆಫೀಸಿನಲ್ಲಿ ಮಗಳಾಗಿಸಿ ಮನೆಯಲ್ಲಿ ಮಗನಾಗಿಯೇ ಉಳಿಸುತ್ತದೆ. ತಾಯಿಯ ಕಿವಿಗೆ ಒಪ್ಪಿಸಲಾರದ ಧ್ವನಿಗೆ ಶುಲ್ಕ ತೆತ್ತು ಏನು ಬಂತು?

‘ತತ್ತ್ವ ಎಲ್ಲ ಭಾಷೆಗೂ ಒಂದೇ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗಂಟಲಿನ ರಚನೆಯ ಮಟ್ಟಿಗೆ ಒಂದೇ, ನುಡಿಯ ಮಟ್ಟಿಗಲ್ಲ. ‘ನಾಲಿಗೆ ಮುಂದಿರಲಿ’ ಎಂಬುದು ಇಂಗ್ಲಿಷ್ ಪಾಠದ ಮೊದಲ ಸೂಚನೆ. ನಮ್ಮ ‘ಳ’, ‘ಣ’, ‘ಟ’ಗಳಿಗೆ ನಾಲಿಗೆಯ ತುದಿ ಹಿಂದಕ್ಕೆ ಮಡಚಲೇಬೇಕು. ‘ಅವಳು ಒಳಗೆ ಹೋದಳು’ ಎನ್ನುವಾಗ ಕಿರಿದಾಗಿಸಿಕೊಂಡ ಪೊಳ್ಳನ್ನು ಉಳಿಸಿಕೊಳ್ಳುವ ಉಪಾಯ ಕಾಮನಬಿಲ್ಲಿನ ಪರಿಚ್ಛೇದದಿಂದ ಬರುವುದಿಲ್ಲ. ನಮ್ಮ ವಾಕ್ಯದ ಭಾರವೆಲ್ಲ ಕೊನೆಯ ಕ್ರಿಯಾಪದದ ಮೇಲಿದೆ. ಹೇಳಿಕೆಯ ಕೊನೆಗೆ ಶ್ರುತಿ ಇಳಿಯುವುದು ಸಹಜವಾದುದರಿಂದ, ಹಳೆಯ ಧ್ವನಿ ನುಸುಳುವುದೂ ಅಲ್ಲಿಯೇ. ಇನ್ನೊಂದೆಡೆ ಕನ್ನಡ ಒಂದು ವರವನ್ನೂ ಕೊಟ್ಟಿದೆ: ಅಚ್ಚ ಕನ್ನಡದ ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ, ನಾದವನ್ನು ಹಿಡಿದು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿಯಿಲ್ಲ.

ವ್ಯಾಕರಣದ ಪೇಚು ಇನ್ನೂ ಸ್ವಾರಸ್ಯದ್ದು. ಮರಾಠಿಯಲ್ಲಿ ಬಂದವಳು ‘ಮೀ ಆಲೇ’ ಎನ್ನುತ್ತಾಳೆ, ಬಂದವನು ‘ಮೀ ಆಲೋ’ ಎನ್ನುತ್ತಾನೆ, ಹಿಂದಿಯಲ್ಲಿಯೂ ಹಾಗೆಯೇ. ಅಲ್ಲಿ ಕ್ರಿಯಾಪದವೇ ಸಾಕ್ಷಿ ನುಡಿಯುತ್ತದೆ. ಕನ್ನಡದ ‘ನಾನು ಬಂದೆ’ಗೆ ಲಿಂಗವಿಲ್ಲ, ತಮಿಳು, ತೆಲುಗುಗಳಲ್ಲೂ ಇಲ್ಲ. ತನ್ನ ಕುರಿತು ತಾನು ಹೇಳಿಕೊಳ್ಳುವಾಗ ಕನ್ನಡತಿಗೆ ವ್ಯಾಕರಣ ಜೊತೆಗೊಡುವುದಿಲ್ಲ, ಹೊರೆಯೆಲ್ಲ ಧ್ವನಿಯ ಮೇಲೆಯೇ. ಮುಂಬಯಿಯಲ್ಲಿ ಮರಾಠಿ, ಹಿಂದಿ, ಕನ್ನಡ ಮೂರನ್ನೂ ಒಂದೇ ದಿನ ಆಡುವವಳಿಗೆ ಈ ವ್ಯತ್ಯಾಸ ಪುಸ್ತಕದ ವಿಷಯವಲ್ಲ. ಅದನ್ನು ಗಮನಿಸುವ ಚಿಕಿತ್ಸಕರು ಎಷ್ಟು ಮಂದಿ?

ಇಂಗ್ಲಿಷಿನೊಂದಿಗೆ ಒಂದು ಮಾದರಿ ಹೆಣ್ಣೂ ಬರುತ್ತಾಳೆ: ಮೆಲುದನಿಯವಳು, ಮಾತಿನ ಕೊನೆಯನ್ನು ಪ್ರಶ್ನೆಯಂತೆ ಮೇಲೆತ್ತುವವಳು, ಎಲ್ಲದಕ್ಕೂ ನಗುವವಳು. ಧಾರವಾಡದ ಸಂತೆಯಲ್ಲಿ ‘ಏನ್ರೀ, ಹೆಂಗ ಕೊಡ್ತೀರಿ?’ ಎಂದು ಗದರಿ ಚೌಕಾಸಿ ಮಾಡುವ ಹೆಂಗಸು ಈ ಮಾದರಿಯಲ್ಲಿ ಫೇಲು. ಕಲಬುರಗಿಯವಳಿಗೆ ಬೇಕಾದುದು ಅವಳ ಅತ್ತೆ, ಚಿಗವ್ವಂದಿರ ಏರಿಳಿತ. ಅಪರಿಚಿತ ನಗರದ ನಾಜೂಕು ಅವಳಿಗೇಕೆ? ಗಂಗೂಬಾಯಿ ಹಾನಗಲ್ (1913–2009) ಅವರ ಧ್ವನಿ ಗಂಟಲಿನ ಚಿಕಿತ್ಸೆಯ ನಂತರ ಭಾರವಾಯಿತು, ಗಂಡುದನಿಯೆಂದು ಭ್ರಮಿಸಿದವರುಂಟು; ಅದೇ ಧ್ವನಿಯಿಂದ ಅವರು ಕಿರಾಣಾ ಘರಾನೆಯನ್ನು ಬೆಳಗಿದರು. ಅವರ ಹೆಣ್ತನಕ್ಕೆ ಹರ್ಟ್ಸ್ ಲೆಕ್ಕದ ಪ್ರಮಾಣಪತ್ರವನ್ನು ನಾವು ಕೇಳಲಿಲ್ಲ. ಟ್ರಾನ್ಸ್ ಮಹಿಳೆಯನ್ನು ಮಾತ್ರ ಕೇಳುತ್ತೇವೆ. ಚಿಕಿತ್ಸೆ ಬೇಡವೆನ್ನುವ ಟ್ರಾನ್ಸ್ ಮಹಿಳೆಯರೂ ಇದ್ದಾರೆ, ಅದು ಅವರ ಹಕ್ಕು. ಬೇಕೆನ್ನುವವರಿಗೆ ಸಿಗುವುದು ಅವರ ನುಡಿಯಲ್ಲಿ ಸಿಗಲಿ ಎಂಬುದಷ್ಟೇ ನನ್ನ ಹಟ.

ಕನ್ನಡದ ಚಿಕಿತ್ಸಕರೆಲ್ಲಿ ಎಂಬ ಪ್ರಶ್ನೆ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಆಸ್ಪತ್ರೆಯ ಬಾಗಿಲಿಗೆ ಹೋಗಬೇಕಾಗಿದ್ದ ಕಾಲಕ್ಕೆ ಸರಿಯಾಗಿತ್ತು. ಈಗ ಅದು ನೆಪ. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲಿ. ಧ್ವನಿಪರೀಕ್ಷೆಗೆ ಕನ್ನಡದ ಗದ್ಯಭಾಗಗಳೂ ಇವೆ, ಕನ್ನಡ ಬಲ್ಲ ಪದವೀಧರರೂ ಇದ್ದಾರೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಕುಳಿತವರು ದೆಹಲಿಯವರಿಗೆ ಪಾಠ ಹೇಳಲು ಅಡ್ಡಿಯಾಗಿದ್ದ ದೂರವೇ ಇಲ್ಲವಾಗಿರುವಾಗ, ಕನ್ನಡಿಗರು ಇಂಗ್ಲಿಷಿನ ಮುಂದೆ ಯಾಕೆ ಕೈಕಟ್ಟಿ ನಿಲ್ಲಬೇಕು? ಚಿಕಿತ್ಸಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಉಂಟೆ, ಟ್ರಾನ್ಸ್ ವ್ಯಕ್ತಿಗಳ ಧ್ವನಿಯೊಂದಿಗೆ ಕೆಲಸ ಮಾಡಿದ ಅನುಭವ ಉಂಟೆ ಎಂದು ಕೇಳಿ. ‘30 ದಿನಗಳಲ್ಲಿ ಹೆಣ್ಣುದನಿ’ ಎನ್ನುವವರಲ್ಲಿ ಸಾಮಾನ್ಯವಾಗಿ ಎರಡೂ ಇರುವುದಿಲ್ಲ.

ಹಣದ ಮಾತು ಉಳಿಯಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ ಅಂಗೀಕಾರವಾದಾಗ, ವಿಮೆಯ ರಕ್ಷಣೆ ಹೇಳುವ ಅದರ 15ನೆಯ ಕಲಮಿನಲ್ಲಿ ಶಸ್ತ್ರಚಿಕಿತ್ಸೆಯ ಹೆಸರಿತ್ತು, ಹಾರ್ಮೋನಿನ ಹೆಸರಿತ್ತು, ಲೇಸರ್‌ನ ಹೆಸರೂ ಇತ್ತು. ಧ್ವನಿಯ ಹೆಸರಿರಲಿಲ್ಲ, ‘ಇತರ ಆರೋಗ್ಯ ಸಮಸ್ಯೆ’ಗಳ ಸಂದಿಯಲ್ಲಿ ಅದು ತೂರಿಕೊಳ್ಳಬೇಕು. ಮುಖದ ಕೂದಲಿಗೆ ದೊರೆತ ಮನ್ನಣೆ ಕೊರಳಿಗೆ ದೊರೆಯಲಿಲ್ಲ. ಹೀಗಾಗಿ ತಿಂಗಳುಗಟ್ಟಲೆ ಸಾಗುವ ಚಿಕಿತ್ಸೆಯ ಶುಲ್ಕ ಸಾಮಾನ್ಯವಾಗಿ ಸ್ವಂತ ಜೇಬಿನದು, ಆ ಜೇಬು ಮನೆಯಿಂದ ಹೊರಬಿದ್ದವರದಾಗಿದ್ದರೆ ಎಷ್ಟು ತುಂಬಿರುತ್ತದೆಂದು ಹೇಳಬೇಕಿಲ್ಲ.

ಕಾನೂನನ್ನು ತಿದ್ದುವುದು ನಮ್ಮ ಬಳಗಗಳ ಕೈಯಲ್ಲಿಲ್ಲ. ಬೇರೊಂದು ಕೆಲಸ ಇದೆ. ಒಂದು ಕೋಣೆಯ ಮನೆಯಲ್ಲಿ, ಪೇಯಿಂಗ್ ಗೆಸ್ಟ್ ವಸತಿಯಲ್ಲಿ ಇರುವವರಿಗೆ ಈ ಚಿಕಿತ್ಸೆಯ ದೊಡ್ಡ ಅಡ್ಡಿ ಗೋಡೆ: ಸ್ಟ್ರಾದ ಪಾಠ ಮುಗಿದು ಬಾಯಿಬಿಟ್ಟು ಮಾತನಾಡುವ ಪಾಠ ಬಂದಾಗ ಆಚೆಯವರಿಗೆ ಕೇಳಿಸುತ್ತದೆ. ಹೊರನಾಡಿನ ಎಷ್ಟೋ ಕನ್ನಡ ಸಂಘಗಳಲ್ಲಿ ಗ್ರಂಥಾಲಯದ ಕೋಣೆಗಳು ರಾಜ್ಯೋತ್ಸವ ಮುಗಿದ ಮೇಲೆ ವಾರವಿಡೀ ಬೀಗ ಹಾಕಿಕೊಂಡು ಬಿದ್ದಿರುತ್ತವೆ. ವಾರಕ್ಕೆ ಒಂದು ಗಂಟೆ, ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ, ಒಂದು ವೈಫೈ ಸಂಪರ್ಕ, ಯಾಕೆ ಬಂದಿರೆಂದು ಕೇಳದ ಒಬ್ಬ ಕಾರ್ಯದರ್ಶಿ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ಬರಹದಲ್ಲಿ ಮಂಡಿಸಲು ಒಬ್ಬ ಸದಸ್ಯರು ಸಾಕು.