ಉತ್ತರ ಬರೆಸದ ಪ್ರಶ್ನೆಗಳು

ಕುರುಗೋಡಿನ ಆಚೆಯ ಹಳ್ಳಿಯೊಂದರ ತಂದೆಯೊಬ್ಬರು ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಗಾರೆ ಕೆಲಸದವರು. ಹುಡುಗ ಚುರುಕಾಗಿದ್ದಾನೆ, ನವೋದಯ ಪರೀಕ್ಷೆಗೆ ಕೂರಿಸಿ ಎಂದು ಊರಿನ ಮೇಷ್ಟ್ರು ಹೇಳಿದ್ದರಂತೆ. ಅದನ್ನು ನಂಬಿ ಅವರು ಮಗನನ್ನು ಐದನೇ ತರಗತಿಗೆ ಬಳ್ಳಾರಿಯ ಶಾಲೆಗೆ ಸೇರಿಸಿ, ಕೌಲ್ ಬಜಾರಿನ ನೆಂಟರ ಮನೆಯಲ್ಲಿಟ್ಟು, ಸಾಲ ಮಾಡಿ ಕೋಚಿಂಗ್‌ಗೆ ಹಣ ಕಟ್ಟಿದ್ದರು.

ನವೋದಯದ ಪ್ರಕಟಣೆಯಲ್ಲಿ ಒಂದು ಸಾಲಿದೆ. ಜಿಲ್ಲೆಯ ಸೀಟುಗಳಲ್ಲಿ ನೂರಕ್ಕೆ ಕನಿಷ್ಠ 75 ಗ್ರಾಮೀಣ ಮಕ್ಕಳಿಗೆ ಮೀಸಲು. ಆದರೆ 3, 4 ಮತ್ತು 5ನೇ ತರಗತಿಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಮಗುವನ್ನು ನಗರದ ಅಭ್ಯರ್ಥಿಯೆಂದೇ ಲೆಕ್ಕ ಹಿಡಿಯುತ್ತಾರೆ. ತಂದೆ ಹೊಟ್ಟೆ ಬಟ್ಟೆ ಕಟ್ಟಿ ಮಗನನ್ನು ನಗರಕ್ಕೆ ತಂದದ್ದೇ ಮಗನ ಹಕ್ಕಿನ ಬಾಗಿಲು ಮುಚ್ಚಿತು. “ಭಾಯಿ, ಒಂದ್ ಸಾಲಿಗೆ ಇಷ್ಟಾ?” ಎಂದು ಅವರು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ.

ಅವರಿಗೆ ಓದು ಬಾರದು, ಅವರ ತಪ್ಪೇನೂ ಇಲ್ಲ. ನಮ್ಮ ಸಿಟ್ಟಿರುವುದು ಹಣ ಕಟ್ಟಿಸಿಕೊಂಡವರ ಮೇಲೆ. ‘ಗದ್ಯಭಾಗವನ್ನು ಓದಿ ಮಾಹಿತಿ ಹುಡುಕುವುದು ಹೇಗೆ’ ಎಂದು ಮಕ್ಕಳಿಗೆ ಪಾಠ ಹೇಳುವವರು, ತಾವೇ ಹಂಚಿದ ಪ್ರಕಟಣೆಯಲ್ಲಿ ಆ ಒಂದು ಸಾಲನ್ನು ಹುಡುಕಲಿಲ್ಲ!

ಈಗ ನಮ್ಮ ಕಡೆ ನವೋದಯದ ಆಸೆ ಜಾಸ್ತಿಯಾಗಿದೆ, ಅದಕ್ಕೆ ಕಾರಣವೂ ಇದೆ. ಹಳೆಯ ಬಳ್ಳಾರಿ ಜಿಲ್ಲೆಯ ನವೋದಯ ಕೂಡ್ಲಿಗಿ ತಾಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿತ್ತು. 2021ರಲ್ಲಿ ಜಿಲ್ಲೆ ಒಡೆದಾಗ ಅದು ವಿಜಯನಗರದ ಪಾಲಾಯಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 28 ಹೊಸ ನವೋದಯಗಳಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು ಒಂದೇ, ಅದು ಬಳ್ಳಾರಿಗೆ. ಇನ್ನು ಗೈಡು ಮಾರುವವರಿಗೆ ಸುಗ್ಗಿ.

ಆರನೇ ತರಗತಿಯ ಈ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಮಾನಸಿಕ ಸಾಮರ್ಥ್ಯಕ್ಕೆ 50, ಗಣಿತಕ್ಕೆ 25, ಭಾಷೆಗೆ 25. ಭಾಷೆಯೆಂದರೆ ವ್ಯಾಕರಣವಲ್ಲ, ಪದ್ಯದ ಭಾವಾರ್ಥವಲ್ಲ. ಮಗು ಹಿಂದೆಂದೂ ಕಾಣದ ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ, ಒಟ್ಟು ಅರ್ಧ ಗಂಟೆ. ಕೋಚಿಂಗ್‌ನವರು ಇದನ್ನು ಕಡೆಗೆ ತಳ್ಳುತ್ತಾರೆ. “ಭಾಷೆ ತಾನೇ ಬರುತ್ತೆ, ಚಿತ್ರದ ಲೆಕ್ಕ ನೋಡ್ಕೊಳ್ಳಿ.” ತಾನೇ ಬರುತ್ತದೆಯೇ?

ಭಾನುವಾರಗಳಲ್ಲಿ ನಾವು ಕೆಲವರು ಸೇರಿ ಮೊಹಲ್ಲಾದ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತೇವೆ. ಒಂದು ದಿನ ನಾಲ್ಕು ಸಾಲು ಬರೆದು ಕೊಟ್ಟೆವು. ಕಾಲುವೆಗೆ ನೀರು ಬಂದ ವರ್ಷ ಊರಿನವರು ಭತ್ತ ನಾಟಿ ಮಾಡಿದರು. ಮರುವರ್ಷ ನೀರು ಬಹಳ ತಡವಾಯಿತು. ಆಗ ಅವರು ಜೋಳ ಬಿತ್ತಿದರು. ಜೋಳ ಚೆನ್ನಾಗಿ ಬಂತು. ಪ್ರಶ್ನೆ: ಊರಿನವರು ಜೋಳ ಬಿತ್ತಿದ್ದೇಕೆ? ಹದಿಮೂರು ಮಕ್ಕಳಲ್ಲಿ ಒಂಬತ್ತು ಮಂದಿ ಬರೆದದ್ದು ‘ಆಗ ಅವರು ಜೋಳ ಬಿತ್ತಿದರು’ ಎಂದು. ಒಬ್ಬನಂತೂ ಸುಮ್ಮನೆ ಕುಳಿತಿದ್ದ. ಯಾಕಪ್ಪಾ ಎಂದರೆ, “ಉತ್ತರ ಬರೆಸಿಲ್ರಿ ಸರ್” ಅಂದ.

ಒಂಬತ್ತು ಮಕ್ಕಳು ದಡ್ಡರಲ್ಲ. ಅವರಿಗೆ ಹೇಳಿಕೊಟ್ಟದ್ದನ್ನೇ ಅವರು ಚಾಚೂ ತಪ್ಪದೆ ಮಾಡಿದ್ದರು. ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕು, ಸಿಕ್ಕ ಸಾಲನ್ನು ಗುರುತು ಮಾಡು. ಇದು ಗೈಡಿನ ಮಂತ್ರ. ‘ಯಾರು’, ‘ಎಲ್ಲಿ’ ಎಂಬ ಪ್ರಶ್ನೆಗೆ ಈ ಮಂತ್ರ ನಾಟುತ್ತದೆ. ‘ಏಕೆ’ ಎಂದ ಕೂಡಲೇ ಕೈಕೊಡುತ್ತದೆ. ಉತ್ತರ ಇರುವುದು ಹಿಂದಿನ ಸಾಲಿನಲ್ಲಿ. ಅಲ್ಲಿಗೆ ಕರೆದೊಯ್ಯುವುದು ‘ಆಗ’ ಎಂಬ ಎರಡಕ್ಷರ. ‘ಆಗ ಅಂದರೆ ಯಾವಾಗ?’ ಎಂದು ಒಮ್ಮೆ ಕೇಳಿದ್ದೇ ತಡ, ಮೂರ್ನಾಲ್ಕು ಮಕ್ಕಳು ಕೂಗಿ ಹೇಳಿದರು. ‘ಆದರೂ’, ‘ಹಾಗಾಗಿ’, ‘ಅವನು’ ಮುಂತಾದ ಪದಗಳ ಹತ್ತಿರ ನಿಂತು ಹಿಂದಕ್ಕೆ ನೋಡುವುದನ್ನು ಯಾವ ಗೈಡೂ ಹೇಳಿಕೊಡುವುದಿಲ್ಲ. ಗಣಿತದಲ್ಲೂ ಇದೇ ಕಥೆ. ‘ಉಳಿದದ್ದರಲ್ಲಿ ಅರ್ಧ’ ಎಂದಿದ್ದರೆ ಒಟ್ಟಿನಲ್ಲಿ ಅರ್ಧ ತೆಗೆಯುವ ಹುಡುಗನಿಗೆ ಭಾಗಾಕಾರ ಚೆನ್ನಾಗಿಯೇ ಬರುತ್ತದೆ.

ನಮ್ಮ ಸಮುದಾಯದ ಹಿರಿಯರಿಗೂ ಒಂದು ಮಾತು ಹೇಳಬೇಕಿದೆ. ಬಹುಮಾನ ವಿತರಣೆಯ ಎಲ್ಲ ವೇದಿಕೆಗಳಲ್ಲೂ ‘ಇಕ್ರಾ’ ಎಂಬ ಪದದಿಂದ ಭಾಷಣ ಶುರುವಾಗಿ ಶಾಲಿನೊಂದಿಗೆ ಮುಗಿಯುತ್ತದೆ. ಅದರ ನಡುವೆ ಒಂದು ಮಗುವಿಗೂ ಒಂದು ಪುಟ ಓದಿಸಿ ‘ಏನು ತಿಳಿಯಿತು’ ಎಂದು ಕೇಳಿದ್ದನ್ನು ನಾವು ಕಂಡಿಲ್ಲ. ನಮ್ಮ ಮಕ್ಕಳು ಮಕ್ತಬ್‌ನಲ್ಲಿ ಅರ್ಥ ತಿಳಿಯದೆಯೂ ಕುರ್‌ಆನನ್ನು ಶುದ್ಧ ಉಚ್ಚಾರದಿಂದ ಓದುತ್ತಾರೆ. ಅದು ಇಬಾದತ್, ಅದರ ಗೌರವ ಅದಕ್ಕೆ. ಆದರೆ ಅದೇ ರೂಢಿಯನ್ನು ಉರ್ದು ಪಠ್ಯಕ್ಕೂ ಕನ್ನಡ ಪಠ್ಯಕ್ಕೂ ತಂದರೆ ಹೇಗೆ? ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಉರ್ದುವಿನಲ್ಲೂ ಬರೆಯಬಹುದು. ಯಾವುದರಲ್ಲಿ ಬರೆಸಬೇಕೆಂದು ಜಮಾಅತ್‌ಗಳಲ್ಲಿ ಗಂಟೆಗಟ್ಟಲೆ ವಾದ ನಡೆಯುತ್ತದೆ. ಉರ್ದು ಶಾಲೆಯಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದವರು ನಾವು, ಎರಡರ ರುಚಿಯೂ ಗೊತ್ತು. ಮಗುವಿಗೆ ಎರಡರಲ್ಲೂ ‘ಆಗ’ ಎಲ್ಲಿದೆಯೆಂದು ಗೊತ್ತಿಲ್ಲದಿರುವಾಗ ಈ ಜಗಳ ಯಾರ ಪ್ರತಿಷ್ಠೆಗಾಗಿ?

ಪ್ರವೇಶ ಪರೀಕ್ಷೆಯೇ ಬೇಡ, ಅದು ಮಕ್ಕಳ ಬಾಲ್ಯ ತಿನ್ನುತ್ತದೆ ಎನ್ನುವ ಸಾಹಿತಿ ಮಿತ್ರರಿದ್ದಾರೆ. ಅವರ ಮಕ್ಕಳಿಗೆ ಬೇರೆ ಬಾಗಿಲುಗಳಿವೆ. ಗಾರೆ ಕೆಲಸದವನ ಮಗನಿಗೆ ಊಟ, ವಸತಿ, ಪುಸ್ತಕ ಕೊಟ್ಟು ಹನ್ನೆರಡನೇ ತರಗತಿಯವರೆಗೆ ಓದಿಸುವ ಬಾಗಿಲು ಇಂಥವು ಕೆಲವೇ. ಅಲ್ಲದೆ, ಬರೆಸಿದ ಉತ್ತರವನ್ನೇ ಒಪ್ಪಿಸುವ ನಮ್ಮ ಶಾಲೆಗಳ ನಡುವೆ, ಬರೆಸದ ಪ್ರಶ್ನೆಯನ್ನು ಕೇಳುವ ಆ 25 ಅಂಕಗಳು ನಮಗೆ ಪರೀಕ್ಷೆಯ ಅತ್ಯಂತ ಪ್ರಾಮಾಣಿಕ ಭಾಗವಾಗಿ ಕಾಣುತ್ತವೆ.

ಕಳೆದ ತಿಂಗಳು ಸಿರುಗುಪ್ಪದಲ್ಲಿ ಉರ್ದು ಶಾಲೆಯ ಒಬ್ಬ ಹುಡುಗಿಗೆ ಅದೇ ಜೋಳದ ಸಾಲುಗಳನ್ನು ಕೊಟ್ಟೆವು. ಕನ್ನಡ ತಡವರಿಸಿ ಓದಿದಳು, ಒತ್ತಕ್ಷರ ಎರಡು ಕಡೆ ತಪ್ಪಿದಳು. ಆದರೆ ಉತ್ತರ ಥಟ್ಟನೆ ಬಂತು: “ನೀರು ಲೇಟಾಗಿ ಬಂತಲ್ರಿ.” ಯಾವ ಕೋಚಿಂಗ್ ಎಂದು ಕೇಳಿದೆವು. ಇಲ್ಲವಂತೆ. ತಾಯಿ ಅಕ್ಕಿ ಗಿರಣಿಗೆ ಹೋಗುತ್ತಾರೆ, ಓದು ಬಾರದು. ಕರೆಂಟ್ ಬಿಲ್ಲು, ರೇಷನ್ನಿನ ಚೀಟಿ, ಶಾಲೆಯ ನೋಟಿಸು ಎಲ್ಲವನ್ನೂ ಇವಳೇ ಓದಿ ಹೇಳಬೇಕು. “ಅಮ್ಮೀ ಸುಮ್ನ ಬಿಡಂಗಿಲ್ರಿ. ಎಷ್ಟು, ಯಾವತ್ತಿನೊಳಗ ಕಟ್ಟಬೇಕು, ಈ ತಿಂಗಳು ಯಾಕ ಜಾಸ್ತಿ ಬಂದೈತಿ ಅಂತ ಕೇಳ್ತಾಳ. ಹುಡುಕಿ ಹೇಳೋತನಕ ಊಟಕ್ಕ ಬಿಡಂಗಿಲ್ಲ.”