ಎರಡು ಲೈಟರುಗಳು ಮತ್ತು ಇತಿಹಾಸದ ಪ್ರಮಾಣ

ಪರ್ಯಾಯ ಇತಿಹಾಸದ ಕಾದಂಬರಿಗಳೆಂದರೆ ಮೂಗು ಮುರಿಯುವ ವಿದ್ವಾಂಸರು ಇಂದಿಗೂ ಇದ್ದಾರೆ. ನಡೆದದ್ದನ್ನು ಅರಿಯುವುದೇ ದುಸ್ತರವಾಗಿರುವಾಗ ನಡೆಯದ್ದನ್ನು ಕಲ್ಪಿಸುವುದು ಕಾಲಹರಣ ಎಂಬುದು ಅವರ ವಾದ. ಈ ವಾದಕ್ಕೆ ಹಿರಿಯರ ಬೆಂಬಲವೂ ಉಂಟು. ಇ.ಎಚ್. ಕಾರ್ ಅವರು 1961ರಲ್ಲಿ ಪ್ರಕಟವಾದ 'ವಾಟ್ ಈಸ್ ಹಿಸ್ಟರಿ?' ಗ್ರಂಥದಲ್ಲಿ 'ಹೀಗಾಗಿದ್ದರೆ' ಎಂಬ ಬಗೆಯ ಊಹೆಗಳನ್ನು ಬಿಡುವಿನ ವೇಳೆಯ ಆಟದ ಸಾಲಿಗೆ ಸೇರಿಸಿದರು. ಮರುವರ್ಷವೇ ಅಮೆರಿಕದ ಫಿಲಿಪ್ ಕೆ. ಡಿಕ್ ಅವರ 'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಹೊರಬಂದಿತು. ಆ ಕೃತಿಯನ್ನು ಗಮನವಿಟ್ಟು ಓದಿದವರು ಈ ತಿರಸ್ಕಾರವನ್ನು ಒಪ್ಪಲಾರರು.

1933ರ ಫೆಬ್ರವರಿ 15ರಂದು ಮಯಾಮಿಯಲ್ಲಿ ಜುಸೆಪ್ಪೆ ಜಂಗಾರ ಎಂಬಾತ ರೂಸ್‌ವೆಲ್ಟ್ ಅವರತ್ತ ಗುಂಡು ಹಾರಿಸಿದ. ರೂಸ್‌ವೆಲ್ಟ್ ಉಳಿದರು, ಗುಂಡೇಟು ತಿಂದ ಶಿಕಾಗೋ ಮೇಯರ್ ಆಂಟನ್ ಸರ್ಮಾಕ್ ಮುಂದೆ ಮೃತಪಟ್ಟರು. ಕಾದಂಬರಿಯಲ್ಲಿ ಜಂಗಾರನಿಗೆ ಬಲಿಯಾಗುವವರು ರೂಸ್‌ವೆಲ್ಟ್. ದುರ್ಬಲಗೊಂಡ ಅಮೆರಿಕ ಎರಡನೆಯ ಮಹಾಯುದ್ಧದಲ್ಲಿ ಸೋತು, ಅದರ ಪೂರ್ವಭಾಗ ಜರ್ಮನಿಯ, ಪೆಸಿಫಿಕ್ ತೀರ ಜಪಾನಿನ ಹಿಡಿತಕ್ಕೆ ಸೇರುತ್ತದೆ.

ಇಲ್ಲೊಂದು ಆಕ್ಷೇಪ ನ್ಯಾಯವಾದುದೇ. ಒಂದು ಗುಂಡಿನ ಗುರಿ ಬದಲಾದ ಮಾತ್ರಕ್ಕೆ ಎರಡು ಮಹಾಸಾಗರಗಳನ್ನು ದಾಟಿ ಅಮೆರಿಕವನ್ನು ಆಳುವಷ್ಟು ಹಡಗು, ಇಂಧನ, ಸೈನ್ಯ ಜರ್ಮನಿ, ಜಪಾನುಗಳಿಗೆ ಒದಗುವುದಿಲ್ಲ. ಕಾರಣಮೀಮಾಂಸೆಯ ದೃಷ್ಟಿಯಿಂದ ಕಾದಂಬರಿಯ ತಳಹದಿ ಸಡಿಲ. ಆದರೆ ಗತಕಾಲವನ್ನು ಯಾವ ಆಧಾರದ ಮೇಲೆ ನಂಬಬೇಕೆಂಬ ಅದರ ಮುಖ್ಯ ಪ್ರಶ್ನೆಗೆ ಇದರಿಂದ ಧಕ್ಕೆಯಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ರಾಬರ್ಟ್ ಚಿಲ್ಡನ್ ಯುದ್ಧಪೂರ್ವ ಅಮೆರಿಕದ ಹಳೆಯ ವಸ್ತುಗಳನ್ನು ಜಪಾನೀ ಸಂಗ್ರಾಹಕರಿಗೆ ಮಾರುತ್ತಾನೆ. ಅಂಥ ವಸ್ತುಗಳ ನಕಲುಗಳನ್ನು ತಯಾರಿಸುವ ಕಾರ್ಖಾನೆಯ ಒಡೆಯ ವಿಂಡಮ್-ಮ್ಯಾಟ್ಸನ್ ಒಮ್ಮೆ ಎರಡು ಲೈಟರುಗಳನ್ನು ತೋರಿಸುತ್ತಾನೆ. ಹತ್ಯೆಯ ವೇಳೆ ರೂಸ್‌ವೆಲ್ಟ್ ಅವರ ಜೇಬಿನಲ್ಲಿದ್ದದ್ದು ಒಂದು, ಸಾಧಾರಣವಾದದ್ದು ಇನ್ನೊಂದು. ಮುಟ್ಟಿ ನೋಡಿದರೆ ಭೇದ ತಿಳಿಯದು. ಭೇದವನ್ನು ಹೇಳಬಲ್ಲದ್ದು ಪ್ರಮಾಣಪತ್ರವೊಂದೇ. ವಸ್ತುವನ್ನೇ ನಕಲು ಮಾಡಬಲ್ಲವರಿಗೆ ಪತ್ರದ ನಕಲು ಅಸಾಧ್ಯವೇ? ಆಕರಗಳ ವಿಮರ್ಶೆಯನ್ನು ಕಲಿಯುವ ಪ್ರತಿ ವಿದ್ಯಾರ್ಥಿಯೂ ಎದುರಿಸಬೇಕಾದ ಪ್ರಶ್ನೆಯಿದು.

ಕಾದಂಬರಿಯೊಳಗೆ ಮತ್ತೊಂದು ಕಾದಂಬರಿಯಿದೆ: 'ದಿ ಗ್ರಾಸ್‌ಹಾಪರ್ ಲೈಸ್ ಹೆವಿ'. ಜರ್ಮನ್ ಅಧೀನ ಪ್ರದೇಶಗಳಲ್ಲಿ ನಿಷಿದ್ಧವಾದ ಆ ಪುಸ್ತಕದಲ್ಲಿ ಮಿತ್ರರಾಷ್ಟ್ರಗಳು ಗೆಲ್ಲುತ್ತವೆ. ಆದರೂ ಅದು ನಾವು ಬಲ್ಲ ಇತಿಹಾಸವಲ್ಲ. ಅಲ್ಲಿ ರೂಸ್‌ವೆಲ್ಟ್ ಅವರ ನಂತರ ಯುದ್ಧಕಾಲದಲ್ಲಿ ಅಧ್ಯಕ್ಷರಾಗುವವರು ರೆಕ್ಸ್‌ಫರ್ಡ್ ಟಗ್‌ವೆಲ್. ಯುದ್ಧಾನಂತರ ಪರಸ್ಪರ ಸ್ಪರ್ಧಿಸುವುದು ಅಮೆರಿಕ ಮತ್ತು ಬ್ರಿಟನ್. ಗೆದ್ದವರು ತಮ್ಮ ಗೆಲುವನ್ನು ವಿಧಿಯ ತೀರ್ಪೆಂದು ಬರೆದುಕೊಳ್ಳುವ ರೂಢಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಫಲಿತಾಂಶ ಅನಿವಾರ್ಯವಾಗಿತ್ತೆಂದು ಒಪ್ಪಿದರೆ, ಅದಕ್ಕಾಗಿ ಹೋರಾಡಿದವರ ನಿರ್ಧಾರಗಳಿಗೂ ಅದನ್ನು ತಡೆಯದೆ ಸುಮ್ಮನಿದ್ದವರ ಹೊಣೆಗೂ ಅರ್ಥವಿರುವುದಿಲ್ಲ.

ಇಂಥ ಕೃತಿಗಳನ್ನು ಪಠ್ಯದ ಹೊರಗಿಡುವವರು ಇತಿಹಾಸವನ್ನು ರಕ್ಷಿಸುತ್ತಿದ್ದೇವೆಂದು ಭಾವಿಸುತ್ತಾರೆ. ವಾಸ್ತವವಾಗಿ ಅವರು ವಿದ್ಯಾರ್ಥಿಗಳಿಂದ ಕಸಿಯುತ್ತಿರುವುದು ಪ್ರಮಾಣ ಕೇಳುವ ಅಭ್ಯಾಸವನ್ನು.