ಒಂದು ಸೆಕೆಂಡಿನ ಅಂತರ

ಮಳೆ ಬಿದ್ದ ಮರುದಿನ ಕರಜಗಿಯ ಹೊಲದ ದಾರಿಯಲ್ಲಿ ಸೈಕಲ್ ಸಾಗುವುದಿಲ್ಲ. ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಸೇರಿ ಬಿಗಿಯುತ್ತದೆ. ಶಾಲೆಗೆ ಹೊರಟ ಹುಡುಗ ಇಳಿದು, ಕಡ್ಡಿಯಿಂದ ಮಣ್ಣು ಕೆರೆದು, ಕೊನೆಗೆ ಸೈಕಲನ್ನೇ ಹೆಗಲಿಗೇರಿಸಿಕೊಂಡು ನಡೆಯುತ್ತಾನೆ. ಇಂಥ ದಾರಿಯನ್ನೇ ಬೇಕೆಂದು ಹುಡುಕಿ ನಡೆಸುವ ಪಂದ್ಯವೊಂದು ಜಗತ್ತಿನಲ್ಲಿದೆ. ಮೌಂಟನ್ ಬೈಕ್ ಎಂಬ ದಪ್ಪ ಟೈರಿನ ಸೈಕಲ್ ಏರಿ ಕಲ್ಲು, ಕೆಸರು, ಬೇರು, ಕಡಿದಾದ ಇಳಿಜಾರುಗಳನ್ನು ದಾಟುವ ಈ ಸ್ಪರ್ಧೆ 1996ರ ಅಟ್ಲಾಂಟಾ ಕ್ರೀಡಾಕೂಟದಿಂದ ಒಲಿಂಪಿಕ್ಸ್‌ನಲ್ಲಿ ಸ್ಥಾನ ಪಡೆದಿದೆ. ಸುಮಾರು ಒಂದೂವರೆ ಗಂಟೆ ಒಂದೇ ಸುತ್ತುದಾರಿಯನ್ನು ಮತ್ತೆ ಮತ್ತೆ ಕ್ರಮಿಸಬೇಕು. ಮುಂದಿರುವವನಿಗಿಂತ ತೀರ ಹಿಂದೆ ಬಿದ್ದವನನ್ನು ನಡುವೆಯೇ ಹೊರಗೆ ಕಳುಹಿಸುತ್ತಾರೆ. ಮುದ್ದತು ಕೇಳುವ ಪದ್ಧತಿ ಅಲ್ಲಿಲ್ಲ.

ಈ ಸ್ಪರ್ಧೆಯಲ್ಲಿ ಹತ್ತು ಬಾರಿ ವಿಶ್ವ ಚಾಂಪಿಯನ್ ಆದ ನಿನೊ ಶುರ್ಟರ್ 1986ರಲ್ಲಿ ಜನಿಸಿದವರು. ಸ್ವಿಟ್ಜರ್ಲೆಂಡಿನ ಗ್ರೌಬ್ಯುಂಡೆನ್ ಪ್ರಾಂತದ ಟೆರ್ಸ್‌ನೌಸ್ ಎಂಬ ಪುಟ್ಟ ಹಳ್ಳಿ ಅವರ ಊರು. ಆ ಕಣಿವೆಯ ನುಡಿ ರೊಮಾನ್ಶ್. ಜರ್ಮನ್ ಭಾಷಿಕರೇ ಬಹುಸಂಖ್ಯಾತರಾದ ಆ ದೇಶದಲ್ಲಿ ಅದನ್ನಾಡುವವರು ತೀರ ಕಡಿಮೆ ಮಂದಿ. ಆದರೂ 1938ರ ಜನಮತಗಣನೆಯಲ್ಲಿ ಇಡೀ ದೇಶ ಅದನ್ನು ರಾಷ್ಟ್ರಭಾಷೆಗಳಲ್ಲಿ ಒಂದೆಂದು ಒಪ್ಪಿತು. ಊರು ಚಿಕ್ಕದು, ಭಾಷೆಯೂ ಚಿಕ್ಕದು, ಇಲ್ಲಿ ಓದಿದ ಮಗು ಎಲ್ಲಿಗೆ ಮುಟ್ಟೀತು ಎಂದು ಗಡಿನಾಡಿನ ಎಷ್ಟೋ ಮನೆಗಳಲ್ಲಿ ಜೂನ್ ತಿಂಗಳು ಬಂದೊಡನೆ ಚರ್ಚೆ ನಡೆಯುತ್ತದೆ. ಟೆರ್ಸ್‌ನೌಸ್‌ನ ಹೆಸರನ್ನು ಆ ಚರ್ಚೆಯ ನಡುವೆ ಒಮ್ಮೆ ನೆನೆಯಬಹುದು.

ಶುರ್ಟರ್ 2008ರ ಬೀಜಿಂಗ್‌ನಲ್ಲಿ ಕಂಚು ಗೆದ್ದರು. ಮರುವರ್ಷ ಕ್ಯಾನ್‌ಬೆರಾದಲ್ಲಿ ಮೊದಲ ವಿಶ್ವ ಪ್ರಶಸ್ತಿ ಬಂದಿತು. 2012ರ ಲಂಡನ್ ಒಲಿಂಪಿಕ್ಸ್‌ಗೆ ಚಿನ್ನದ ನಿರೀಕ್ಷೆಯಿಂದಲೇ ಹೋದರು. ಹ್ಯಾಡ್ಲೀ ಫಾರ್ಮ್‌ನ ದಾರಿಯಲ್ಲಿ ಕೊನೆಯ ಸುತ್ತಿನವರೆಗೂ ಅವರು ಮುಂಚೂಣಿಯಲ್ಲಿದ್ದರು. ಗುರಿ ಹತ್ತಿರವಾದಾಗ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಅವರನ್ನು ಹಿಂದಿಕ್ಕಿದರು. ಕುಲ್ಹಾವಿಯ ಸಮಯ 1 ಗಂಟೆ 29 ನಿಮಿಷ 7 ಸೆಕೆಂಡು; ಶುರ್ಟರ್ ಅವರದು 8 ಸೆಕೆಂಡು. ನಾಲ್ಕು ವರ್ಷದ ದುಡಿಮೆ ಒಂದು ಸೆಕೆಂಡಿನಲ್ಲಿ ಬೆಳ್ಳಿಯಾಯಿತು. ಒಂದು ಅಂಕ ಕಡಿಮೆ ಬಂದುದಕ್ಕೆ ಊಟ ಬಿಟ್ಟು ಮಲಗುವ ಮಕ್ಕಳಿಗೂ, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಯರಿಗೂ, ಮುಂದಿನ ಸಂಗತಿ ಹೇಳಬೇಕಾದದ್ದು: ಸೋತ ಮರುತಿಂಗಳೇ ಆಸ್ಟ್ರಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಶುರ್ಟರ್ ಗೆದ್ದರು.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಕುಲ್ಹಾವಿ ಎದುರಾದರು. ಈ ಬಾರಿ ಶುರ್ಟರ್ 50 ಸೆಕೆಂಡು ಮುಂದೆ ಗುರಿ ಮುಟ್ಟಿ ಚಿನ್ನ ಪಡೆದರು. ಮರುವರ್ಷ ವಿಶ್ವಕಪ್‌ನ ಆರೂ ಪಂದ್ಯಗಳು ಅವರ ಪಾಲಾದವು. ಟೋಕಿಯೊದಲ್ಲಿ ನಾಲ್ಕನೆಯ ಸ್ಥಾನಕ್ಕೆ ಇಳಿದಾಗ ಅವರ ಕಾಲ ಮುಗಿಯಿತೆಂದು ತೋರಿದ್ದರೆ ಅಚ್ಚರಿಯಿಲ್ಲ, ವಯಸ್ಸು 35 ದಾಟಿತ್ತು. ಆದರೆ ಆ ವರ್ಷವೂ, ಅದರ ಮುಂದಿನ ವರ್ಷವೂ ವಿಶ್ವ ಪ್ರಶಸ್ತಿ ಅವರದೇ ಆಯಿತು. ಫ್ರಾನ್ಸಿನ ಜೂಲಿಯನ್ ಅಬ್ಸಲೋನ್ ಅವರ 33 ವಿಶ್ವಕಪ್ ಗೆಲುವುಗಳ ದಾಖಲೆಯನ್ನು 2023ರಲ್ಲಿ ಲೆಂಜರ್‌ಹೈಡೆಯಲ್ಲಿ ಮುರಿದರು. 2025ರಲ್ಲಿ ಸ್ಪರ್ಧೆಗೆ ವಿದಾಯ ಹೇಳಿದ್ದೂ ಆ ಊರಿನಲ್ಲೇ. ಅದು ಇರುವುದು ಗ್ರೌಬ್ಯುಂಡೆನ್‌ನಲ್ಲಿ, ಅವರು ಸೈಕಲ್ ಕಲಿತ ಬೆಟ್ಟಗಳ ನಾಡಿನಲ್ಲಿ.